ಕಣ್ಣು ಕಂಡದ್ದು, ಮನಸ್ಸು ಒಪ್ಪಿದ್ದು

ಇಬ್ಬರ ವ್ಯವಹಾರವನ್ನು ಮೂರನೆಯವನು ದೂರದಿಂದ ಕಂಡು ಅವರ ಗುಣದೋಷಗಳನ್ನು ನಿರ್ಣಯಿಸುವುದು ಲೋಕದಲ್ಲಿ ನಿತ್ಯವೂ ನಡೆಯುವ ಸಂಗತಿ. ಶಿವಮೊಗ್ಗೆಯ ಸಮೀಪದ ಸೋಗಾನೆಯಲ್ಲಿ 2023ರಲ್ಲಿ ಆರಂಭವಾದ ವಿಮಾನ ನಿಲ್ದಾಣದ ಬಾಗಿಲಲ್ಲಿ ಒಬ್ಬ ವೃದ್ಧೆಯೂ ಒಬ್ಬ ತರುಣನೂ ಎದುರುಬದುರಾಗಿ ನಿಂತಿರುವರೆಂದು ಇಟ್ಟುಕೊಳ್ಳಬಹುದು. ಆಕೆ ಕೈ ಚಾಚುತ್ತಾಳೆ. ಆತನು ಮುಖ ತಿರುಗಿಸುತ್ತಾನೆ. ಒಂದು ಮಾತೂ ಕೇಳಿಸದಿದ್ದರೂ, ಈತನು ತಾಯಿಯನ್ನು ತಿರಸ್ಕರಿಸಿದನೆಂದು ನೋಡುಗನ ಮನಸ್ಸು ತೀರ್ಪಿತ್ತಾಗಿರುತ್ತದೆ. ಕಣ್ಣೀರನ್ನು ಮರೆಸಲು ಆತನು ಮುಖ ತಿರುಗಿಸಿರಬಹುದು. ಆಕೆ ತಾಯಿಯೇ ಅಲ್ಲದಿರಬಹುದು. ಬೇಡದೆಯೇ ಬಂದ ಈ ತೀರ್ಪಿಗೆ ನೋಡುಗನು ಹೊಣೆಗಾರನೆ?

ಈ ವಿಷಯದಲ್ಲಿ ಆಧುನಿಕ ಶಾಸ್ತ್ರಜ್ಞರು ನಡೆಸಿದ ಶೋಧನೆ ಗಮನಾರ್ಹವಾದುದು. 1944ರಲ್ಲಿ ಅಮೆರಿಕೆಯಲ್ಲಿ ಹೈಡರ್ ಮತ್ತು ಸಿಮೆಲ್ ಎಂಬಿಬ್ಬರು ಎರಡು ತ್ರಿಕೋನಗಳೂ ಒಂದು ವೃತ್ತವೂ ಅತ್ತಿತ್ತ ಚಲಿಸುವ ಒಂದು ಕಿರುಚಿತ್ರವನ್ನು ತೋರಿಸಿ, ಕಂಡದ್ದನ್ನು ಬರೆಯಿರೆಂದರು. ಮೊದಲ ಗುಂಪಿನ 34 ಮಂದಿಯಲ್ಲಿ ಒಬ್ಬರ ಹೊರತು ಉಳಿದವರೆಲ್ಲರೂ ಅಲ್ಲಿ ಜೀವಿಗಳನ್ನೇ ಕಂಡರು. ಜಗಳ, ಭಯ, ಪ್ರೇಮಗಳ ಕಥೆ ಹುಟ್ಟಿತು. ಗೆರೆಗಳಿಗೆ ಕೋಪವೆಲ್ಲಿಯದು! 2017ರಲ್ಲಿ ಲೇಲಾ ಇಸಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆಯಲ್ಲಿ, ಕಾಂತಯಂತ್ರದೊಳಗೆ ಮಲಗಿದವರಿಗೆ ಬೆಳಕಿನ ಚುಕ್ಕೆಗಳಿಂದಾದ ಮಾನವಾಕೃತಿಗಳನ್ನು ತೋರಿಸಲಾಯಿತು. ಇಬ್ಬರು ತಮ್ಮ ತಮ್ಮಷ್ಟಕ್ಕೆ ಚಲಿಸುವುದಕ್ಕಿಂತ ಪರಸ್ಪರ ವ್ಯವಹರಿಸುವುದನ್ನು ಕಂಡಾಗ, ಮಿದುಳಿನಲ್ಲಿ ಕಿವಿಯ ಮೇಲ್ಭಾಗಕ್ಕೆ ತುಸು ಹಿಂದಿರುವ ಒಂದು ಮಡಿಕೆಯ ಪ್ರದೇಶವು ಹೆಚ್ಚು ಸಚೇತನವಾಯಿತು. ಒಬ್ಬರು ಇನ್ನೊಬ್ಬರಿಗೆ ನೆರವಾಗುತ್ತಿರುವರೋ ಅಡ್ಡಿಯಾಗುತ್ತಿರುವರೋ ಎಂಬ ಭೇದವೂ ಅಲ್ಲಿ ತೋರಿಬಂದಿತು.

ಆದಕಾರಣ ಪರರ ಸಂಬಂಧವನ್ನು ಗ್ರಹಿಸುವುದು ದೇಹಧರ್ಮವೇ ಹೊರತು ಪಾಪವಲ್ಲ. ಈ ಶಕ್ತಿಯಿಲ್ಲದಿದ್ದರೆ ನೆರೆಮನೆಯ ಮೌನದಲ್ಲಿರುವ ದುಃಖವನ್ನು ಅರಿಯುವುದಾದರೂ ಹೇಗೆ? ಆದರೆ ತೋರಿಕೆಯೇ ಒಂದು, ಒಪ್ಪಿಗೆಯೇ ಇನ್ನೊಂದು. ತ್ರಿಕೋನದಲ್ಲಿ ಕೋಪವನ್ನು ಕಂಡ ಮನಸ್ಸೇ ಅತ್ತೆಸೊಸೆಯರ ಒಂದು ಗಳಿಗೆಯ ಮಾತನ್ನೂ ಕಾಣುತ್ತದೆ. ಅಂಗಳದಲ್ಲಿ ಕಂಡದ್ದು ಸಂಜೆಯೊಳಗೆ ಬೀದಿಯ ಮಾತಾಗಿ, ಮರುದಿನ ಒಂದು ಹೆಣ್ಣಿನ ಮಾನವನ್ನೇ ಕಳೆಯುತ್ತದೆ. ಅಲ್ಲಿ ಮಿದುಳಿನ ಮೇಲೆ ದೋಷ ಹೊರಿಸಿ ಪಾರಾಗುವಂತಿಲ್ಲ. ನಾಲಗೆಯನ್ನು ಆಡಿಸಿದವನು ಕರ್ತೃವೇ ಸರಿ. ಅರಿವಿಗೆ ಆಚಾರದ ಕಾವಲನ್ನು ಶರಣರು ವಿಧಿಸಿದ್ದು ಇಂಥ ಸಂದಿನಲ್ಲಿಯೇ.

15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದ ಶೂನ್ಯಸಂಪಾದನೆಯು ಓದುಗನನ್ನೇ ಇಂಥ ಮೂರನೆಯವನ ಸ್ಥಾನದಲ್ಲಿ ಕೂರಿಸುತ್ತದೆ. ಬಳ್ಳಿಗಾವೆಯ ಅಲ್ಲಮಪ್ರಭುಗಳೂ ಉಡುತಡಿಯ ಅಕ್ಕಮಹಾದೇವಿಯೂ ಇಂದಿನ ಶಿಕಾರಿಪುರ ಸೀಮೆಯವರೇ. ಆದರೂ ಕಲ್ಯಾಣದ ಅನುಭವ ಮಂಟಪದಲ್ಲಿ ಪ್ರಭುಗಳು ಆಕೆಯನ್ನು ನಿನ್ನ ಪತಿ ಯಾರೆಂದು ಕೇಳುತ್ತಾರೆ. ದೇಹದ ಹಂಗು ತೊರೆದಮೇಲೆ ಕೂದಲಿನ ಮರೆಯೇಕೆಂದು ಕೆಣಕುತ್ತಾರೆ. ಅಷ್ಟನ್ನೇ ಕಂಡು ಎದ್ದುಹೋದವನಿಗೆ ಅದು ನಿಷ್ಠುರತೆ, ಒಂಟಿ ಹೆಣ್ಣಿನ ಅವಮಾನ. ಮಂಟಪದ ಶರಣರಾದರೋ ಎದ್ದುಹೋಗಲಿಲ್ಲ. ಉತ್ತರ ಮುಗಿಯುವತನಕ ಕುಳಿತರು. ಪ್ರಶ್ನೆ ಕಠಿನವಾದಷ್ಟೂ ಅಕ್ಕನ ನಿಲವು ಪ್ರಕಟವಾಗಿ, ಪ್ರಶ್ನಿಸಿದ ಪ್ರಭುಗಳೇ ಆಕೆಯ ಹಿರಿಮೆಯನ್ನು ಸಾರಿದರು.

ಹಾಗೆಂದು ಎಲ್ಲ ನೋಟದಲ್ಲಿಯೂ ತಡೆದು ಕೂರುವುದು ಸಲ್ಲದು. ಬಲಿಷ್ಠನು ದುರ್ಬಲನನ್ನು ಹೊಡೆಯುತ್ತಿರುವಾಗ, ಒಳಗಿನ ಕಾರಣ ತಿಳಿಯಲೆಂದು ನಿಂತವನದು ವಿವೇಕವಲ್ಲ, ಹೇಡಿತನ. ಅಲ್ಲಿ ಮೊದಲು ಕೈ ಹಿಡಿದು ಬಿಡಿಸಬೇಕು. ಯಾರದು ತಪ್ಪೆಂಬ ವಿಚಾರ ಆಮೇಲಿನದು.