ವಾಲಗದವರ ಕೂಲಿ ಮತ್ತು ಯಜ್ಞದ ಫಲ

ಧಾರ್ಮಿಕ ಕಾರ್ಯದಲ್ಲಿ ವಾದ್ಯ ನುಡಿಸಿ ಹಣ ಪಡೆದರೆ ಅದು ಸೇವೆಯೋ ಕೂಲಿಯೋ ಎಂಬ ಜಿಜ್ಞಾಸೆಯನ್ನು ಕೊಡಗಿನ ವಾಲಗದವರ ಸ್ಥಿತಿ ತೀಕ್ಷ್ಣವಾಗಿ ಎತ್ತುತ್ತದೆ. ಮದುವೆಯಿರಲಿ, ಸಾವಿರಲಿ, ಊರ ದೇವರ ಹಬ್ಬವಿರಲಿ, ಕೊಡವರಲ್ಲಿ ವಾಲಗ, ಅಂದರೆ ಊದುವ ವಾದ್ಯ ಮತ್ತು ಚರ್ಮವಾದ್ಯಗಳ ಮೇಳ, ಬೇಕೇ ಬೇಕು. ನುಡಿಸುವವರು ಮಾತ್ರ ಬಹುಮಟ್ಟಿಗೆ ಮೇದರೇ ಮೊದಲಾದ ಬೇರೆ ಸಮುದಾಯಗಳವರು. ಕುಣಿಯುವವರ ಹೆಜ್ಜೆಯ ಮೇಲೆ ಕಣ್ಣಿಟ್ಟು ಗತಿ ಬದಲಿಸುತ್ತ, ಮಂಜಿಗೆ ಸಡಿಲಗೊಂಡ ಚರ್ಮವನ್ನು ನಡುನಡುವೆ ಬೆಂಕಿಗೆ ಹಿಡಿದು ಬಿಗಿಗೊಳಿಸಿಕೊಳ್ಳುತ್ತ, ಕುಣಿತ ನಿಲ್ಲುವ ತನಕ ಅವರು ನುಡಿಸಬೇಕು. ಹಿಂದೆ ಸುಗ್ಗಿಯಲ್ಲಿ ಅಳೆದುಕೊಡುತ್ತಿದ್ದ ಭತ್ತ ಅಧೀನತೆಯನ್ನೂ ಜೊತೆಗೇ ತರುತ್ತಿತ್ತು, ನಿಜ. ಆದರೆ ಶುಭಕಾರ್ಯಗಳಿಲ್ಲದ ಕಕ್ಕಡ ತಿಂಗಳಿಗೂ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಮಳೆಗೂ, ಅದು ಒದಗುತ್ತಿತ್ತು. ದಿನದ ಲೆಕ್ಕದ ಹಣ ಹಾಗೆ ಒದಗದು.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಯ ಹಾರ್ಮೋನಿಯಂ ವಾದಕನಿಗೆ ಈ ತೊಡಕಿಲ್ಲ. ಟಿಕೆಟ್ಟು ಮಾರಾಟವಾಗುತ್ತದೆ, ಸಂಬಳ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ದೇವರ ಕಾರ್ಯದಲ್ಲಿ ಕೇಳಿದರೆ ಮಾತ್ರ ಭಕ್ತಿಯ ಮಾತು ಮುಂದೆ ಬರುತ್ತದೆ.

ಈ ಆಕ್ಷೇಪಕ್ಕೆ ಶಾಸ್ತ್ರದ ಬೆಂಬಲವಿಲ್ಲ. ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಜೈಮಿನಿಯ ಮೀಮಾಂಸೆಯ ಪ್ರಕಾರ ದಕ್ಷಿಣೆಯು ಪರಿಕ್ರಯ, ಎಂದರೆ ಯಜ್ಞ ನಡೆಸಿಕೊಡುವ ಋತ್ವಿಜರ ದುಡಿಮೆಯನ್ನು ಬೆಲೆಕೊಟ್ಟು ಪಡೆಯುವುದು. ಬೆಲೆ ಕೊಟ್ಟದ್ದರಿಂದಲೇ ಯಜ್ಞದ ಫಲ ಯಜಮಾನನಿಗೆ ಸೇರುತ್ತದೆ. ಸತ್ರವೆಂಬ ದೀರ್ಘ ಯಾಗದಲ್ಲಿ ಪಾಲುಗೊಂಡವರೆಲ್ಲರೂ ಯಜಮಾನರಾದ್ದರಿಂದ ದಕ್ಷಿಣೆಯಿಲ್ಲ, ಫಲವೂ ಎಲ್ಲರದು. ಹೀಗಿರುವಾಗ ವಾಲಗದವರಿಗೆ ಸೇವೆಯ ಹೆಸರಿನಲ್ಲಿ ಕೂಲಿ ಕಡಿಮೆ ಮಾಡಿ, ಪುಣ್ಯವನ್ನೂ ಮರ್ಯಾದೆಯನ್ನೂ ಮನೆಯವರೇ ಇಟ್ಟುಕೊಳ್ಳುವ ಕ್ರಮವು ಎರಡು ವಿಧಿಗಳಿಂದಲೂ ತನಗೆ ಅನುಕೂಲವಾದುದನ್ನಷ್ಟೇ ಆಯ್ದುಕೊಂಡಂತಾಗುತ್ತದೆ. ಫಲದ ಆಸೆ ಬಿಡಬೇಕೆಂಬ ಗೀತೆಯ ಬೋಧೆಯನ್ನು ಕೊಡುವವನು ಪಡೆಯುವವನಿಗೆ ಹೇಳುವುದಂತೂ ವಿಚಿತ್ರವೇ ಸರಿ.

ಬುಟ್ಟಿ ಹೆಣೆದು ಬದುಕಿದ ಮೇದಾರ ಕೇತಯ್ಯನನ್ನು ಶರಣನೆಂದು ಕಂಡ ಹನ್ನೆರಡನೆಯ ಶತಮಾನದ ಕಾಯಕತತ್ತ್ವದಲ್ಲಿ ಸಂಪಾದನೆ ಮೈಲಿಗೆಯಲ್ಲ, ದಾಸೋಹಕ್ಕೆ ಅದೇ ಮೂಲ. ಆ ದೃಷ್ಟಿಯಿಂದ ನೋಡಿದರೆ ಹಬ್ಬದ ಖರ್ಚಿನ ಪಟ್ಟಿಯಲ್ಲಿ ಪೂಜಾರಿಯ ದಕ್ಷಿಣೆಯನ್ನು ಪೂಜೆಗೂ ವಾಲಗದವರ ಹಣವನ್ನು ಶಾಮಿಯಾನದ ಬಾಡಿಗೆಯ ಪಕ್ಕಕ್ಕೂ ಬರೆಯುವುದಕ್ಕೆ ಯಾವ ಆಧಾರವೂ ಉಳಿಯುವುದಿಲ್ಲ.