ಮನೆಯ ಹಿಂಸೆಯೂ ಕೊಟ್ಟಿಗೆಯ ಜೀವವೂ

ಪತ್ನಿಯನ್ನು ನೋಯಿಸಬೇಕೆಂದು ಪತಿಯು ಅವಳು ಸಾಕಿದ ಕರುವಿಗೆ ಎರಡು ದಿನ ನೀರು ಕೊಡದೆ ಕಟ್ಟಿಹಾಕಿದರೆ, ಅಲ್ಲಿ ನಡೆದ ಹಿಂಸೆ ಒಂದೋ ಎರಡೋ? ಪ್ರಶ್ನೆಯು ಅಲ್ಪವೆಂದು ತೋರಬಹುದು. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿದ ಅತಿಚಾರಗಳು ಯಾವುವು? ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರು ತಡೆಯುವುದು. ಇವು ರಣರಂಗದ ಹಿಂಸೆಗಳಲ್ಲ. ಗೃಹಸ್ಥನ ಅಂಗಳದಲ್ಲಿಯೇ ನಡೆಯತಕ್ಕವು.

ಆ ಕರುವಿನ ಮೇಲೆ ಪತಿಗೆ ಕೋಪವಿಲ್ಲ. ಅದು ಬೆಳೆ ಮೇಯಲಿಲ್ಲ, ಯಾರನ್ನೂ ಹಾಯಲಿಲ್ಲ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಲ್ಲಿ ಗೃಹಸ್ಥನು ಹೇಳಿಕೊಳ್ಳುವ ಯಾವ ಕಾರಣವೂ ಇಲ್ಲಿ ಸಲ್ಲದು. ಇದು ಕೇವಲ ಸಂಕಲ್ಪೀ ಹಿಂಸೆ. ಒಂದು ಜೀವವನ್ನು ಇನ್ನೊಂದು ಜೀವದ ಮೇಲೆ ಎತ್ತಿದ ಕೋಲನ್ನಾಗಿ ಮಾಡಿಕೊಂಡದ್ದು. ಜನ್ನನ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪವೇ ಭವಭವಗಳಲ್ಲಿ ಬೆನ್ನಟ್ಟಿತು. ಇಲ್ಲಿರುವುದು ಹಿಟ್ಟಿನ ಕರುವಲ್ಲ.

ಹುಮನಾಬಾದಿನ ಸಮೀಪದ ಮಾಣಿಕನಗರವು ಶ್ರೀ ಮಾಣಿಕಪ್ರಭುಗಳ (1817–1865) ಸಮಾಧಿಯಿರುವ, ಸಕಲಮತ ಸಂಪ್ರದಾಯದ ಕ್ಷೇತ್ರ. ಆ ಸೀಮೆಯ ರೈತನಿಗೆ ದೇವಣಿ ತಳಿಯ ದನವೆಂದರೆ ಅಭಿಮಾನ. ಅಲ್ಲಿಯ ಗೃಹಿಣಿಯೊಬ್ಬಳು ಪೆಟ್ಟು ತಾಳಲಾರದೆ ಮನೆ ಬಿಡಬೇಕಾಯಿತೆನ್ನೋಣ. ಮಕ್ಕಳನ್ನು ಕರೆದೊಯ್ಯಬಹುದು, ಆಕಳನ್ನು ಎಲ್ಲಿಗೆ ಒಯ್ಯುವುದು? ಹಿಂದೆ ಬಿಟ್ಟರೆ ಅದರ ಗತಿ ಏನೆಂದು ಅವಳು ಬಲ್ಲಳು. ಆದುದರಿಂದ ಉಳಿಯುತ್ತಾಳೆ, ಮತ್ತೆ ಪೆಟ್ಟು ತಿನ್ನುತ್ತಾಳೆ.

2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ, ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005, ಸಾಕುಪ್ರಾಣಿಯ ಹೆಸರನ್ನೇ ಎತ್ತುವುದಿಲ್ಲ. ತವರಿನವರು ಕೊಟ್ಟ ಆಕಳಾದರೆ ಸ್ತ್ರೀಧನವೆಂದು ಮರಳಿ ಕೇಳಬಹುದು. ಅವಳು ಬೀದಿಯಿಂದ ತಂದು ಅನ್ನವಿಟ್ಟ ನಾಯಿಗೆ ಬೆಲೆಯೆಲ್ಲಿ? ಶಾಸ್ತ್ರವೂ ಗೋವನ್ನು ಧನವೆಂದು ಪರಿಗ್ರಹದ ಲೆಕ್ಕದಲ್ಲಿ ಹಿಡಿದಿದೆ ನಿಜ. ಆದರೆ ಅದೇ ಅಧ್ಯಾಯವು ಅದನ್ನು ನೋವುಣ್ಣುವ ಜೀವವೆಂದು ಅಹಿಂಸೆಯ ಲೆಕ್ಕದಲ್ಲಿಯೂ ಹಿಡಿದಿದೆ. 2005ರ ಅಧಿನಿಯಮಕ್ಕೆ ಕಾಣುವುದು ಮೊದಲನೆಯ ಲೆಕ್ಕವೊಂದೇ.

1960ರ ಪ್ರಾಣಿಹಿಂಸೆ ತಡೆ ಅಧಿನಿಯಮವು ಮೊದಲ ಅಪರಾಧಕ್ಕೆ ವಿಧಿಸಿದ ದಂಡ 10ರಿಂದ 50 ರೂಪಾಯಿ. ಒಂದು ಹೊರೆ ಮೇವಿಗೂ ಸಾಲದು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಲ್ಲಿ ಐದು ವರ್ಷಗಳವರೆಗಿನ ಸೆರೆಯುಂಟು, ಆದರೆ ಅದು ಪ್ರಾಣಿ ಸತ್ತ ಅಥವಾ ಊನಗೊಂಡ ಮೇಲಿನ ಮಾತು. ಮೊದಲೇ ತಡೆಯುವ ದಾರಿ 2005ರ ಅಧಿನಿಯಮದ 18ನೆಯ ಕಲಮಿನಲ್ಲಿದೆ: ಆದೇಶದಲ್ಲಿ ನಮೂದಿಸಿದ ಬೇರಾವುದೇ ಕೃತ್ಯವನ್ನೂ ಮ್ಯಾಜಿಸ್ಟ್ರೇಟರು ನಿಷೇಧಿಸಬಹುದು. ಆಕಳಿಗೂ ನಾಯಿಗೂ ಕೈಯೆತ್ತಕೂಡದೆಂದು ಅರ್ಜಿಯಲ್ಲಿಯೇ ಕೇಳಿಕೊಳ್ಳಬೇಕು. ಆದೇಶ ಮೀರಿದವನಿಗೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಮೆರಿಕದ ಮೇನ್ ರಾಜ್ಯವು 2006ರಲ್ಲಿಯೇ ಇಂಥ ಆದೇಶಗಳಲ್ಲಿ ಸಾಕುಪ್ರಾಣಿಯನ್ನು ಸ್ಪಷ್ಟವಾಗಿ ಸೇರಿಸಿತು. ಅಣುವ್ರತಗಳ ನಾಡಿಗೆ ಇದು ತಡವಾಗಿ ಹೊಳೆಯಬೇಕೆ!

ಆಕಳಿಗೆ ಗೋಶಾಲೆ ಸರಿ, ನಾಯಿಯ ಗೊಡವೆ ಬಸದಿಯ ಟ್ರಸ್ಟಿಗೇಕೆ ಎಂಬ ಆಕ್ಷೇಪ ಬರಬಹುದು. ಹವಿಸ್ಸನ್ನು ಮುಟ್ಟಿತೆಂದು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಉಸುರುವಾಗ ಅದರ ಜಾತಿಯನ್ನು ವಿಚಾರಿಸಲಿಲ್ಲ; ಅದು ಸುದರ್ಶನ ಯಕ್ಷನಾದ ಕಥೆ ಶ್ರಾವಕರ ಮಕ್ಕಳಿಗೂ ಗೊತ್ತು.

ಟ್ರಸ್ಟುಗಳು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಅರ್ಜಿ ಇತ್ಯರ್ಥವಾಗುವವರೆಗೆ ಪ್ರಾಣಿಗೆ ಮೇವು, ನೀರು, ನೆರಳು. ಅದನ್ನು ತಂದೊಪ್ಪಿಸಿದ ಸ್ತ್ರೀಯ ಹೆಸರಿನಲ್ಲಿ, ಬಣ್ಣ ಗುರುತು ಬರೆದು, ದಿನಾಂಕ ಹಾಕಿದ ರಸೀದಿ. ಅದರ ಪ್ರತಿಯೊಂದು ಸಂರಕ್ಷಣಾಧಿಕಾರಿಗೆ. ಪತಿಯು ಹಗ್ಗ ಹಿಡಿದು ಬಂದರೆ, ನ್ಯಾಯಾಲಯದ ಆದೇಶ ತರುವಂತೆ ಹೇಳಿ ಕಳುಹಿಸಬೇಕು.