ಸಂಚಾರಿ ಲೇಖಕನ ಗಣಕ: ಆಯ್ಕೆ ಮತ್ತು ಹೊಣೆ

ಲೇಖಕನಿಗೆ ಎಂತಹ ಲೇಖನಿ ಬೇಕೆಂಬುದು ಹಿಂದಿನವರಿಗೆ ತತ್ತ್ವವಿಚಾರದ ವಿಷಯವಾಗಿರಲಿಲ್ಲ. ಕೈಗೆ ಒಗ್ಗಿದ್ದು ಸಾಕಾಗುತ್ತಿತ್ತು. ಇಂದು ಹೆಗಲ ಚೀಲದಲ್ಲಿ ಒಯ್ಯುವ ಲ್ಯಾಪ್‌ಟಾಪನ್ನು ಆರಿಸುವಾಗ ಬೆಲೆ, ತೂಕ, ವೇಗಗಳ ಪಟ್ಟಿಯನ್ನು ಮುಂದಿಟ್ಟುಕೊಳ್ಳುತ್ತೇವೆ. ಇದು ವ್ಯಾಪಾರದ ಮಾತು, ಇಲ್ಲಿ ನೀತಿಗೇನು ಕೆಲಸ ಎಂದುಕೊಳ್ಳುತ್ತೇವೆ. ಆದರೆ ಕನ್ನಡದಲ್ಲಿ ಬರೆಯುವವನು, ಅದರಲ್ಲೂ ಗಡಿಯ ಈಚೆಗೆ ಕುಳಿತು ಬರೆಯುವವನು, ಅಂಗಡಿಯ ಪಟ್ಟಿಯಲ್ಲಿಲ್ಲದ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ. ಈ ಯಂತ್ರದಲ್ಲಿ ಬರೆದ ಮಾತು ನನ್ನದಾಗಿಯೇ ಉಳಿಯುವುದೇ? ಓದುಗನನ್ನು ಹಾಗೆಯೇ ತಲುಪುವುದೇ? ನನ್ನ ನಂತರವೂ ಅದನ್ನು ತೆರೆದು ಓದಲಾದೀತೇ?

ಉಪಕರಣವು ಬರೆಹಕ್ಕೆ ಹೊರಗಿನದೆಂಬ ನಂಬಿಕೆ ನಮ್ಮ ಲಿಪಿಯ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರಿ, ಮಸಿ ಸವರಿ ಅಕ್ಷರವನ್ನು ಕಾಣಿಸಿದವರು ನಮ್ಮ ಹಿರಿಯರು. ಗರಿಯ ನಾರಿನ ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ದಕ್ಷಿಣದ ಲಿಪಿಗಳು ದುಂಡಗಾಗಲು ಇದೂ ಒಂದು ಕಾರಣವೆಂದು ಹೇಳುವುದುಂಟು. ಗರಿಗೆ ತಕ್ಕಂತೆ ಕೈ ಬಾಗಿದ್ದರೆ ಗಣಕಕ್ಕೆ ತಕ್ಕಂತೆ ನಾವು ಬಾಗುತ್ತಿಲ್ಲವೆಂದು ಹೇಳುವುದು ಹೇಗೆ? ಬಾಗುವುದು ತಪ್ಪಲ್ಲ; ಎಷ್ಟು ಬಾಗುತ್ತಿದ್ದೇವೆ ಎಂಬ ಎಚ್ಚರ ಬೇಕು.

ಕಾಸರಗೋಡಿನ ಲೇಖಕನಿಗೆ ಸಂಚಾರವೆಂಬುದು ವಿಲಾಸವಲ್ಲ. 1956ರ ನವೆಂಬರ್ 1ರಿಂದ ಅವನ ರಾಜಧಾನಿ ರಾಜ್ಯದ ಇನ್ನೊಂದು ತುದಿಯ ತಿರುವನಂತಪುರ. ಅವನ ಪ್ರಕಾಶಕ ಬಹುಪಾಲು ಬೆಂಗಳೂರಿನಲ್ಲಿ; ಆಸ್ಪತ್ರೆ, ಕಾಲೇಜು, ಪತ್ರಿಕೆಗಳೆಂದರೆ ಮಂಗಳೂರು. ರೈಲಿನ ಕಿಟಕಿಯ ಬಳಿ, ಬಸ್ ನಿಲ್ದಾಣದ ಬೆಂಚಿನಲ್ಲಿ ದೊರೆತ ಹೊತ್ತೇ ಅವನ ಬರವಣಿಗೆಯ ಹೊತ್ತು.

ಹಾಗಾದರೆ ಕಾಗದ, ಪೆನ್ನು ಸಾಲದೇ? ಮಂಜೇಶ್ವರದ ಗೋವಿಂದ ಪೈಗಳು ಗಣಕವಿಲ್ಲದೆಯೇ ಅಷ್ಟೊಂದು ಬರೆಯಲಿಲ್ಲವೇ? ಈ ಆಕ್ಷೇಪ ಗೌರವಕ್ಕೆ ಅರ್ಹವಾದುದು. ಯೋಚಿಸಲು ಕಾಗದಕ್ಕಿಂತ ಉತ್ತಮವಾದುದು ಇಂದಿಗೂ ಇಲ್ಲವೆಂದರೆ ನಾನು ವಾದಿಸಲಾರೆ. ಆದರೆ ಕೈಬರೆಹ ಅಚ್ಚಾಗಬೇಕಾದರೆ ಯಾರಾದರೂ ಅದನ್ನು ಮತ್ತೆ ಬೆರಳಚ್ಚಿಸಬೇಕು. ಆ ಶ್ರಮ ಇನ್ನೊಬ್ಬರದು. ಅವರು ದೂರದ ಊರಿನವರು, ನಮ್ಮ ಮನೆಮಾತಿನ ಪದಗಳನ್ನು ಕೇಳದವರು. ನಮ್ಮ ಅಕ್ಷರಗಳನ್ನು ನಾವೇ ಮೂಡಿಸುವುದು ಅನುಕೂಲದ ಮಾತಷ್ಟೇ ಅಲ್ಲ. ನಮ್ಮ ಮಾತಿನ ಹೊಣೆಯನ್ನು ನಾವೇ ಹೊರುವ ಬಗೆ.

ಆಯ್ಕೆಯ ಮೊದಲ ವಿವೇಕವೆಂದರೆ ‘ಎಷ್ಟು ಸಾಕು’ ಎಂಬುದು. ಜೈನರು ಇದನ್ನು ಅಪರಿಗ್ರಹವೆಂಬ ವ್ರತವಾಗಿಸಿದರು. ಯೂನಿಕೋಡಿನ ಸಾಮಾನ್ಯ ರೂಪದಲ್ಲಿ ಒಂದು ಕನ್ನಡ ಅಕ್ಷರಸಂಕೇತಕ್ಕೆ ಮೂರು ಬೈಟುಗಳು ಬೇಕು. ಆ ಲೆಕ್ಕದಲ್ಲಿ ದೊಡ್ಡ ಕಾದಂಬರಿಯೊಂದರ ಪಠ್ಯವೂ ಕೆಲವೇ ಮೆಗಾಬೈಟುಗಳಲ್ಲಿ ಅಡಗುತ್ತದೆ. ಆದ್ದರಿಂದ ಲೇಖಕನು ಸಂಗ್ರಹದ ಗಾತ್ರಕ್ಕೆ, ಅತಿವೇಗಕ್ಕೆ ಹಣ ಸುರಿಯಬೇಕಿಲ್ಲ. ಅವನಿಗೆ ಬೇಕಾದುದು ಬೇರೆ: ಬೆರಳಿಗೆ ನೋವಾಗದ ಕೀಲಿಮಣೆ, ಹಗಲ ಬೆಳಕಿನಲ್ಲಿ ಮುಖ ತೋರಿಸುವ ಕನ್ನಡಿಯಾಗದ ಮಂಕು ಪರದೆ, ಒಂದೂವರೆ ಕಿಲೋ ಮೀರದ ತೂಕ, ಮಳೆಗಾಲದಲ್ಲಿ ಕರೆಂಟು ಹೋದಾಗಲೂ ನಿಲ್ಲುವ ಬ್ಯಾಟರಿ. 50 ವ್ಯಾಟ್-ಗಂಟೆಯ ಬ್ಯಾಟರಿಯುಳ್ಳ ಯಂತ್ರವು ಬರೆಯುವಾಗ ಸುಮಾರು 6 ವ್ಯಾಟ್ ಬಳಸಿದರೆ ಎಂಟು ಗಂಟೆ ಬಾಳುತ್ತದೆ. ಇಷ್ಟು ಲೆಕ್ಕವನ್ನು ಯಾರೂ ಮಾಡಬಹುದು. ಇದಕ್ಕಿಂತ ಹೆಚ್ಚನ್ನು ಬಯಸುವಾಗ, ಬಯಸುತ್ತಿರುವುದು ಬರೆಹವೋ ಬೆಡಗೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಸರಳತೆಯ ಈ ಆದರ್ಶಕ್ಕೆ ಒಂದು ತೊಡಕಿದೆ. ಆಲ್ಫಾಸ್ಮಾರ್ಟ್ ನಿಯೋ ಎಂಬ ಪುಟ್ಟ ಯಂತ್ರವೊಂದಿತ್ತು. ಕೀಲಿಮಣೆ, ಕೆಲವು ಸಾಲುಗಳ ಪರದೆ, ಅಷ್ಟೇ. ಮೂರು ಸಣ್ಣ ಬ್ಯಾಟರಿಗಳಲ್ಲಿ ನೂರಾರು ಗಂಟೆ ನಡೆಯುತ್ತಿತ್ತು. ಅಂತರಜಾಲವಿಲ್ಲ, ಆಮಿಷವಿಲ್ಲ, ಇಂಗ್ಲಿಷ್ ಲೇಖಕರು ಇದನ್ನು ಬಹಳ ಮೆಚ್ಚಿದರು. ಆದರೆ ಅದಕ್ಕೆ ಕನ್ನಡ ಬಾರದು. ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ಗಣಕವು ಆರು ಸಂಕೇತಗಳಾಗಿ ಇಟ್ಟುಕೊಂಡು, ಒತ್ತು-ದೀರ್ಘಗಳನ್ನು ಜೋಡಿಸಿ ಒಂದು ಆಕೃತಿಯಾಗಿ ತೋರಿಸಬೇಕು. ಅದಕ್ಕೆ ತಕ್ಕ ತಂತ್ರಾಂಶ, ತಕ್ಕ ಅಕ್ಷರಶೈಲಿ ಬೇಕು. ಹೀಗೆ ಸರಳ ಯಂತ್ರದ ಸುಖ ಮೊದಲು ದೊರೆಯುವುದು ಯಂತ್ರಕ್ಕೆ ಪರಿಚಿತವಾದ ಲಿಪಿಯವರಿಗೆ. ನಾವು ಸರಳವಾಗಿ ಬರೆಯಬೇಕಾದರೆ ಸಂಕೀರ್ಣ ಯಂತ್ರವೇ ಬೇಕು. ಆದಕಾರಣ ಸಂಯಮವನ್ನು ನಾವು ಅಂಗಡಿಯಿಂದ ಕೊಂಡು ತರಲಾರೆವು. ಸಕಲ ಆಮಿಷಗಳಿರುವ ಯಂತ್ರದ ಮುಂದೆ ಕುಳಿತು, ಜಾಲದ ಸಂಪರ್ಕವನ್ನು ನಮ್ಮ ಕೈಯಿಂದಲೇ ಕಡಿದು ಬರೆಯಬೇಕು.

ಎರಡನೆಯ ವಿವೇಕ ಮಾತಿನ ಬಾಳಿಕೆಯದು. ಮೊದಲಿನ ಕನ್ನಡ ತಂತ್ರಾಂಶಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಆದರೆ ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕವಿತೆಯ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲಿಯೇ ಸ್ವಂತ ನೆಲೆ ದೊರೆತರೂ, ಅನೇಕ ಮುದ್ರಣಾಲಯಗಳ ಹಳೆಯ ಪುಟವಿನ್ಯಾಸ ತಂತ್ರಾಂಶಗಳು ಅದನ್ನು ಅರಿಯದ್ದರಿಂದ ಹಳೆಯ ಪದ್ಧತಿ ಮುಂದುವರಿಯಿತು. ಮುದ್ರಕನಿಗಾಗಿ ಪರಿವರ್ತಿಸಿಕೊಡೋಣ, ಆದರೆ ಮೂಲಪ್ರತಿ ಯೂನಿಕೋಡಿನಲ್ಲಿ, ಯಾವ ಒಂದು ಸಂಸ್ಥೆಯ ಬೀಗವೂ ಇಲ್ಲದ ಸಾದಾ ರೂಪದಲ್ಲಿ ನಮ್ಮ ಬಳಿ ಇರಲಿ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಕಲಿಯುವುದೂ ಇಂತಹದೇ ಸ್ವಾತಂತ್ರ್ಯ. ಅಲ್ಲಿ ವ್ಯಂಜನ, ಒತ್ತು, ಸ್ವರ ಎಂಬ ಕನ್ನಡದ ಕ್ರಮದಲ್ಲಿಯೇ ಬೆರಳು ನಡೆಯುತ್ತದೆ. ಕನ್ನಡದ ಮಾತನ್ನು ಇಂಗ್ಲಿಷಿನ ಕಾಗುಣಿತದಲ್ಲಿ ಯೋಚಿಸಿ, ಯಂತ್ರದ ಊಹೆಗೆ ಬಿಡಬೇಕಾಗಿಲ್ಲ.

ಊಹಿಸುವ ಯಂತ್ರದ ವಿಷಯದಲ್ಲಿಯೇ ನಮ್ಮ ಎಚ್ಚರ ಹೆಚ್ಚಾಗಬೇಕು. ಯಂತ್ರವು ಹೆಚ್ಚು ಜನ ಬರೆದ ಪದವನ್ನು ಮುಂದಿಡುತ್ತದೆ. ನಮ್ಮ ಕಡೆ ‘ಜಾಲು’ ಎಂದರೆ ಅಂಗಳ, ‘ಬೊಂಡ’ ಎಂದರೆ ಎಳನೀರು. ಇವುಗಳ ಕೆಳಗೆ ಯಂತ್ರ ಕೆಂಪು ಗೆರೆ ಎಳೆದು, ‘ಜಾಲು’ವನ್ನು ‘ಜಾಲ’ವಾಗಿಸಲು ಸೂಚಿಸಿದರೆ, ಅವಸರದಲ್ಲಿರುವವನು ಒಪ್ಪಿಬಿಡುತ್ತಾನೆ. ಒಬ್ಬನ ಒಪ್ಪಿಗೆಯಿಂದ ನಷ್ಟವೇನೂ ಕಾಣದು. ಒಂದು ಸೀಮೆಯವರೆಲ್ಲ ಹೀಗೆ ಒಪ್ಪುತ್ತ ಹೋದರೆ ಆ ಸೀಮೆಯ ಮಾತು ಬರೆಹದಿಂದ ಸದ್ದಿಲ್ಲದೆ ಮರೆಯಾಗುತ್ತದೆ. ಮಲೆಯಾಳದ ಒತ್ತಡವನ್ನು ನಾವು ಬೇಗ ಗುರುತಿಸುತ್ತೇವೆ. ಕನ್ನಡದ ಒಳಗಿನಿಂದಲೇ, ನೆರವಿನ ವೇಷದಲ್ಲಿ ಬರುವ ಈ ಒತ್ತಡವನ್ನು ಗುರುತಿಸುವುದು ಕಷ್ಟ. ಆದ್ದರಿಂದ ತಿದ್ದುವ ಸೌಕರ್ಯವನ್ನು ಬೇಕೆಂದಾಗ ನಿಲ್ಲಿಸಲು, ನಮ್ಮ ಪದಗಳನ್ನು ಅದರ ಪದಕೋಶಕ್ಕೆ ಸೇರಿಸಲು ಬಿಡುವ ಯಂತ್ರವೇ ನಮಗೆ ತಕ್ಕುದು.

ಇದಕ್ಕೆಲ್ಲ ಹೊಸ ಯಂತ್ರವೇ ಬೇಕೆಂದೇನೂ ಇಲ್ಲ. ಕೇರಳದ ಸರಕಾರಿ ಶಾಲೆಗಳ ಗಣಕಗಳು ಮುಕ್ತ ತಂತ್ರಾಂಶದಲ್ಲಿ ನಡೆಯುತ್ತಿವೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿತಿದ್ದಾರೆ. ಅಂತಹದೇ ತಂತ್ರಾಂಶವನ್ನು ಹಾಕಿದರೆ ಐದಾರು ವರ್ಷ ಹಳೆಯ ಲ್ಯಾಪ್‌ಟಾಪು ಕೂಡ ಲೇಖನ ಬರೆಯಲು ಧಾರಾಳವಾಗಿ ಸಾಕು. ಈ ಕೆಲಸವನ್ನು ಹಿರಿಯ ಲೇಖಕರಿಗೆ ಮಾಡಿಕೊಡಬಲ್ಲ ತರುಣರು ನಮ್ಮ ಊರುಗಳಲ್ಲಿ ಇದ್ದಾರೆ. ಸಂಘಗಳು ವರ್ಷಕ್ಕೊಂದು ದಿನವನ್ನು ಇದಕ್ಕಾಗಿ ಮೀಸಲಿಟ್ಟು, ಹಿರಿಯರ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವುದಾದರೆ, ಅಳಿಸಿಹೋಗಬಹುದಾದ ಎಷ್ಟೋ ಬರೆಹ ಉಳಿದೀತು. ಪರಿವರ್ತಿಸಿದ ಪ್ರತಿಯನ್ನು ಬರೆದವರೇ ಒಮ್ಮೆ ಓದಿ ನೋಡುವುದನ್ನು ಮಾತ್ರ ಬಿಡಬಾರದು. ‘ಜಾಲು’ ‘ಜಾಲು’ವಾಗಿಯೇ ಉಳಿದಿದೆಯೇ ಎಂದು ಹೇಳಬಲ್ಲವರು ಅವರೊಬ್ಬರೇ.